ಹೊರಟು ಹೋಗುವವರ ಸಂಘ: ಜರ್ಮನಿಯಲ್ಲಿ ಕನ್ನಡ ವಿದ್ಯಾರ್ಥಿಗಳು ಒಂದುಗೂಡುವುದು ಹೇಗೆ?

ಜರ್ಮನಿಯಲ್ಲಿ ಓದುತ್ತಿರುವ ಹೊರದೇಶದ ವಿದ್ಯಾರ್ಥಿಗಳ ಪೈಕಿ ಈಗ ಭಾರತೀಯರದೇ ದೊಡ್ಡ ಗುಂಪು. 2023–24ರ ಚಳಿಗಾಲದ ಸೆಮಿಸ್ಟರಿನಲ್ಲೇ ಅವರ ಸಂಖ್ಯೆ 49,000 ದಾಟಿತ್ತು. ಆಹೆನ್, ಮ್ಯೂನಿಕ್, ಸ್ಟುಟ್‌ಗಾರ್ಟ್, ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಊರುಗಳಲ್ಲಿ ಕನ್ನಡದವರ ವಾಟ್ಸಾಪ್ ಗುಂಪೊಂದನ್ನು ಹುಡುಕುವುದು ಕಷ್ಟವಲ್ಲ. ರೂಮು ಬೇಕು, ಕುಕ್ಕರ್ ಮಾರಾಟಕ್ಕಿದೆ, ರಾಗಿ ಹಿಟ್ಟು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬ ಮಾತುಗಳ ನಡುವೆ ಅಕ್ಟೋಬರ್ ಬಂತೆಂದರೆ ಯಾರಾದರೊಬ್ಬರು "ಈ ಸಲ ರಾಜ್ಯೋತ್ಸವ ಮಾಡೋಣ್ವಾ?" ಎಂದು ಕೇಳುತ್ತಾರೆ. ಎಲ್ಲರೂ ಹ್ಞೂಂ ಅನ್ನುತ್ತಾರೆ. ಹಾಲ್ ಯಾರ ಹೆಸರಲ್ಲಿ ಹಿಡಿಯುವುದು, ದುಡ್ಡು ಯಾರ ಖಾತೆಗೆ ಹಾಕುವುದು ಎಂಬಲ್ಲಿ ಮಾತು ನಿಂತುಬಿಡುತ್ತದೆ.

ಸಂಘ ಬೇಕಾಗುವುದು ಆ ಜಾಗದಲ್ಲಿ. ಆದರೆ ವಿದ್ಯಾರ್ಥಿಗಳ ಸಂಘಕ್ಕೂ ಊರಲ್ಲಿ ನೆಲೆಸಿದವರ ಸಂಘಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮಾಸ್ಟರ್ಸ್ ಓದು ನಾಲ್ಕು ಸೆಮಿಸ್ಟರಿನದು. ಮೊದಲ ಸೆಮಿಸ್ಟರ್ ಮನೆ, ಬ್ಯಾಂಕು, ವೀಸಾ ಅಂತ ಕಳೆಯುತ್ತದೆ. ಕೊನೆಯದು ಪ್ರಬಂಧಕ್ಕೆ ಹೋಗುತ್ತದೆ. ಸಂಘಕ್ಕೆ ಸಿಗುವುದು ನಡುವಿನ ಒಂದು ವರ್ಷ. ಆಮೇಲೆ ಅಧ್ಯಕ್ಷರು ಹಾಂಬುರ್ಗ್‌ನಲ್ಲಿ ಕೆಲಸಕ್ಕೆ ಸೇರಿರುತ್ತಾರೆ, ಖಜಾಂಚಿ ಬೆಂಗಳೂರಿಗೆ ಮರಳಿರುತ್ತಾರೆ. ಆದ್ದರಿಂದ ಬೈಲಾ, ಖಾತೆ, ಪದಾಧಿಕಾರಿಗಳು, ಕಾರ್ಯಕ್ರಮ ಯಾವುದನ್ನೇ ತೀರ್ಮಾನಿಸುವಾಗಲೂ "ನಾವು ಹೋದ ಮೇಲೆ ಇದನ್ನು ಯಾರು, ಹೇಗೆ ನಡೆಸುತ್ತಾರೆ?" ಎಂದು ಮೊದಲು ಕೇಳಿಕೊಳ್ಳಬೇಕು. ಮುಂದಿನ ಸಲಹೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಇದು ಆಗದ ಕೆಲಸವಲ್ಲ. ಕೇಂಬ್ರಿಜ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳು ಮಜ್ಲಿಸ್ ಎಂಬ ಚರ್ಚಾಕೂಟವನ್ನು ಹುಟ್ಟುಹಾಕಿದ್ದು 1891ರಲ್ಲಿ. 1907ರಲ್ಲಿ ಜವಾಹರಲಾಲ್ ನೆಹರೂ ಅಲ್ಲಿಗೆ ಓದಲು ಹೋದಾಗಲೂ ಅದು ನಡೆಯುತ್ತಿತ್ತು. ಅಷ್ಟರಲ್ಲಿ ಕಟ್ಟಿದವರ ಓದು ಮುಗಿದು ವರ್ಷಗಳೇ ಕಳೆದಿದ್ದವು.

ಮೊದಲು ನೋಡಬೇಕಾದ್ದು: ಹೊಸ ಸಂಘ ಬೇಕೇ?

ನಿಮ್ಮ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಈಗಾಗಲೇ ಕನ್ನಡ ಕೂಟವಿದೆಯೇ ಎಂದು ವಿಚಾರಿಸಿ. ಫ್ರಾಂಕ್‌ಫರ್ಟ್ ಸುತ್ತಿನಲ್ಲಿ ರೈನ್-ಮೈನ್ ಕನ್ನಡ ಸಂಘವಿದೆ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ. ಇವು ಸಂಸಾರಸ್ಥರೂ ಉದ್ಯೋಗಸ್ಥರೂ ನಡೆಸುವ ಸಂಘಗಳು. ಅವುಗಳ ಅಡಿಯಲ್ಲಿ ಒಂದು ವಿದ್ಯಾರ್ಥಿ ಘಟಕ ಮಾಡಿಕೊಂಡರೆ ಖಾತೆ, ನೋಂದಣಿ, ಲೆಕ್ಕಪತ್ರದ ತಾಪತ್ರಯ ನಿಮ್ಮ ಮೇಲೆ ಬೀಳುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಘವಿದ್ದರೆ ಅದರೊಳಗೇ ಕನ್ನಡ ಬಳಗವಾಗಿ ಒಂದು ವರ್ಷ ಕೆಲಸ ಮಾಡಿ ನೋಡಬಹುದು.

ಹೊಸದೇ ಬೇಕು ಅನ್ನಿಸಿದರೆ, ಸಂಘ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೂರಕ್ಕಿಂತ ಹೆಚ್ಚು ಬೇಡ. ಹೊಸಬರನ್ನು ಬರಮಾಡಿಕೊಳ್ಳುವುದು, ವರ್ಷಕ್ಕೆ ಎರಡು ಕಾರ್ಯಕ್ರಮ, ತಿಂಗಳಿಗೊಮ್ಮೆ ಸೇರುವುದು — ಇಷ್ಟಿದ್ದರೆ ಸಾಕು. ನಾಟಕ, ಕ್ರಿಕೆಟ್ ಟೂರ್ನಿ, ಪತ್ರಿಕೆ, ಕನ್ನಡ ಶಾಲೆ ಎಲ್ಲವನ್ನೂ ಮೊದಲ ವರ್ಷವೇ ಹೊತ್ತುಕೊಂಡರೆ ಎರಡನೇ ವರ್ಷ ಹೊರುವವರು ಸಿಗುವುದಿಲ್ಲ. ಜೊತೆಗೆ, ಕೆಲಸಕ್ಕೆ ಕೈಹಾಕಲು ತಯಾರಿರುವವರಲ್ಲಿ ಈ ವರ್ಷವಷ್ಟೇ ಬಂದವರು ಕನಿಷ್ಠ ಮೂವರಾದರೂ ಇದ್ದಾರೆಯೇ ನೋಡಿ. ಎಲ್ಲರೂ ಕೊನೆಯ ಸೆಮಿಸ್ಟರಿನವರಾಗಿದ್ದರೆ ಮುಂದಿನ ಬ್ಯಾಚ್ ಬರುವವರೆಗೆ ಕಾಯುವುದು ಮೇಲು.

ಮೂರು ದಾರಿಗಳು

ಮೊದಲನೆಯದು ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ವಿದ್ಯಾರ್ಥಿ ಗುಂಪು. ಇದಕ್ಕೆ ಹೋಖ್‌ಶೂಲ್‌ಗ್ರುಪ್ಪೆ ಎನ್ನುತ್ತಾರೆ. ನೋಂದಣಿ ಮಾಡಿಕೊಳ್ಳುವವರು ವಿಶ್ವವಿದ್ಯಾಲಯದ ಆಡಳಿತವೋ, ಆಸ್ಟಾ ಎಂದು ಕರೆಯುವ ವಿದ್ಯಾರ್ಥಿ ಸಮಿತಿಯೋ ಆಗಿರುತ್ತಾರೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಅದರದೇ ನಿಯಮ. ಸಾಮಾನ್ಯವಾಗಿ ಒಂದು ಅರ್ಜಿ, ಗುಂಪಿನ ಉದ್ದೇಶ, ಜವಾಬ್ದಾರಿ ಹೊರುವವರ ಹೆಸರು ಮತ್ತು ಸದಸ್ಯರಲ್ಲಿ ಹೆಚ್ಚಿನವರು ಅದೇ ವಿಶ್ವವಿದ್ಯಾಲಯದವರು ಎಂಬುದಕ್ಕೆ ಆಧಾರ ಕೇಳುತ್ತಾರೆ. ಪ್ರತಿಯಾಗಿ ಸಿಗುವುದು ಸಭೆಗೆ ಕೊಠಡಿ, ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು, ಕೆಲವೆಡೆ ಸಣ್ಣ ಅನುದಾನ. ಹೆಚ್ಚಿನ ಕಡೆ ಈ ಮಾನ್ಯತೆಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಆ ದಿನಾಂಕ ತಪ್ಪಿದರೆ ಕೊಠಡಿ ತಪ್ಪುತ್ತದೆ.

ಎರಡನೆಯದು ನೋಂದಣಿಯಿಲ್ಲದ ಸಂಘ. ಬೈಲಾ ಬರೆದುಕೊಂಡು ಪದಾಧಿಕಾರಿಗಳನ್ನು ಆರಿಸಿಕೊಂಡರೆ ಆಯಿತು, ನೋಂದಣಿಗೆಂದು ನ್ಯಾಯಾಲಯಕ್ಕೆ ಹೋಗಬೇಕಿಲ್ಲ. ಆದರೆ ಜರ್ಮನ್ ನಾಗರಿಕ ಸಂಹಿತೆಯ 54ನೇ ಕಲಮಿನ ಪ್ರಕಾರ ಇಂಥ ಸಂಘದ ಪರವಾಗಿ ಒಪ್ಪಂದ ಮಾಡಿಕೊಂಡವರು ಅದಕ್ಕೆ ಸ್ವತಃ ಹೊಣೆ. ಹಾಲ್ ಬಾಡಿಗೆ ಪತ್ರಕ್ಕೆ ನೀವು ಸಹಿ ಹಾಕಿದ್ದರೆ, ಸಂಘದ ಡಬ್ಬಿ ಖಾಲಿಯಾಗಿದ್ದರೂ ಹಾಲ್‌ನವರು ನಿಮ್ಮ ಕೈಯಿಂದಲೇ ವಸೂಲಿ ಮಾಡಬಹುದು.

ಮೂರನೆಯದು ನೋಂದಾಯಿತ ಸಂಘ, ಅಂದರೆ ಐನ್‌ಗೆಟ್ರಾಗೆನರ್ ಫೆರೈನ್. ಸಂಘದ ಹೆಸರಿನ ಕೊನೆಗೆ ಬರುವ ಎರಡಕ್ಷರದಿಂದ ಎಲ್ಲರ ಬಾಯಲ್ಲೂ ಇದು "ಎ.ಫೌ." ಎಂದೇ ಆಗಿದೆ. ಇದು ಕಾನೂನಿನ ಕಣ್ಣಲ್ಲಿ ಸ್ವತಂತ್ರ ವ್ಯಕ್ತಿ: ತನ್ನ ಹೆಸರಿನಲ್ಲೇ ಖಾತೆ ತೆರೆಯಬಹುದು, ಒಪ್ಪಂದಕ್ಕೆ ಸಹಿ ಹಾಕಬಹುದು, ಸಾಲಕ್ಕೆ ತಾನೇ ಹೊಣೆಯಾಗುತ್ತದೆ. ಪದಾಧಿಕಾರಿಗಳು ಸಂಬಳವಿಲ್ಲದೆ ದುಡಿಯುತ್ತಿದ್ದರೆ, ಉದ್ದೇಶಪೂರ್ವಕ ತಪ್ಪು ಅಥವಾ ತೀರಾ ಬೇಜವಾಬ್ದಾರಿ ತೋರದ ಹೊರತು ಸಂಘಕ್ಕೆ ಆದ ನಷ್ಟವನ್ನು ಅವರು ತುಂಬಿಕೊಡಬೇಕಿಲ್ಲ.

ಯಾವುದನ್ನು ಆರಿಸಬೇಕು? ಹೊಸ ಸಂಘಕ್ಕೆ ಮೊದಲ ದಾರಿಯೇ ಸರಿ. ಎರಡು ಬ್ಯಾಚ್‌ಗಳು ಕೈಬದಲಾದ ಮೇಲೂ ಗುಂಪು ನಡೆಯುತ್ತಿದ್ದರೆ, ದುಡ್ಡಿನ ವಹಿವಾಟು ದೊಡ್ಡದಾಗಿದ್ದರೆ, ಆಗ ಎ.ಫೌ. ಮಾಡಿಸಿ. ಉತ್ಸಾಹದಲ್ಲಿ ಮೊದಲ ತಿಂಗಳೇ ನೋಂದಣಿ ಮಾಡಿಸಿ, ಎಲ್ಲರೂ ಊರು ಬಿಟ್ಟ ಮೇಲೆ ಅದನ್ನು ಮುಚ್ಚಲು ಒದ್ದಾಡುವುದು ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಬೈಲಾದಲ್ಲಿ ಏನಿರಬೇಕು?

ಬೈಲಾಕ್ಕೆ ಜರ್ಮನ್ನರು ಜಾಟ್ಸುಂಗ್ ಎನ್ನುತ್ತಾರೆ. ನೋಂದಣಿಯಾಗಬೇಕಾದರೆ ಅದರಲ್ಲಿ ಸಂಘದ ಹೆಸರು, ಊರು, ಉದ್ದೇಶ ಮತ್ತು ನೋಂದಣಿ ಮಾಡಿಸುವ ಇರಾದೆ ಇರಲೇಬೇಕು. ಸದಸ್ಯರು ಸೇರುವ ಮತ್ತು ಬಿಡುವ ಬಗೆ, ವಂತಿಗೆ, ಆಡಳಿತ ಮಂಡಳಿಯ ರಚನೆ, ಸರ್ವ ಸದಸ್ಯರ ಸಭೆ ಕರೆಯುವ ಕ್ರಮ, ನಡಾವಳಿ ಬರೆಯುವ ವಿಧಾನವೂ ಬೇಕು. ಬೈಲಾ ಜರ್ಮನ್ ಭಾಷೆಯಲ್ಲಿರಬೇಕು. ಕನ್ನಡ ಅಥವಾ ಇಂಗ್ಲಿಷ್ ಪ್ರತಿಯೊಂದನ್ನು ಸದಸ್ಯರ ತಿಳುವಳಿಕೆಗಾಗಿ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇವೆಲ್ಲ ಯಾವ ಮಾದರಿ ಬೈಲಾದಲ್ಲೂ ಸಿಗುತ್ತವೆ. ವಿದ್ಯಾರ್ಥಿ ಸಂಘಕ್ಕೆಂದೇ ಸೇರಿಸಬೇಕಾದವು ಬೇರೆ:

• ಪದಾವಧಿ ಒಂದೇ ವರ್ಷ. ಜೊತೆಗೆ, "ಹೊಸ ಮಂಡಳಿ ಆಯ್ಕೆಯಾಗುವವರೆಗೆ ಹಳೆಯದು ಮುಂದುವರಿಯುತ್ತದೆ" ಎಂಬ ಸಾಲು. ಇದಿಲ್ಲದಿದ್ದರೆ ಚುನಾವಣೆ ತಡವಾದಾಗ ಸಂಘಕ್ಕೆ ಸಹಿ ಹಾಕುವವರೇ ಇಲ್ಲದಂತಾಗುತ್ತದೆ.

• ಆಡಳಿತ ಮಂಡಳಿ ಚಿಕ್ಕದಿರಲಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರು ಸಾಕು. ಮಂಡಳಿ ಬದಲಾದಾಗಲೆಲ್ಲ ನೋಟಾರ್, ಅಂದರೆ ನೋಟರಿಯ ಬಳಿ ಸಹಿ ದೃಢೀಕರಿಸಿ ನ್ಯಾಯಾಲಯಕ್ಕೆ ತಿಳಿಸಬೇಕು. ಸಾಂಸ್ಕೃತಿಕ ಕಾರ್ಯದರ್ಶಿ, ಕ್ರೀಡಾ ಕಾರ್ಯದರ್ಶಿಗಳನ್ನು ಮಂಡಳಿಯ ಹೊರಗಿನ ಸಮಿತಿಯಲ್ಲಿಡಿ.

• ಮೂವರಲ್ಲಿ ಯಾವ ಇಬ್ಬರು ಸಹಿ ಹಾಕಿದರೂ ನಡೆಯುವಂತಿರಲಿ. ಒಬ್ಬರು ಇಂಟರ್ನ್‌ಶಿಪ್‌ಗೆಂದು ಆರು ತಿಂಗಳು ಬೇರೆ ಊರಿಗೆ ಹೋದರೂ ಕೆಲಸ ನಿಲ್ಲುವುದಿಲ್ಲ.

• ಸಭೆಗೆ ಆನ್‌ಲೈನ್‌ನಲ್ಲಿ ಸೇರಲು ಅವಕಾಶ. 2023ರ ತಿದ್ದುಪಡಿಯ ನಂತರ ಸಭೆ ಕರೆಯುವವರು ಇದಕ್ಕೆ ಅವಕಾಶ ಕೊಡಬಹುದು. ಪೂರ್ತಿ ಆನ್‌ಲೈನ್ ಸಭೆಗೆ ಸದಸ್ಯರ ತೀರ್ಮಾನ ಬೇಕು. ಬೈಲಾದಲ್ಲೇ ಬರೆದಿಟ್ಟರೆ ಗೊಂದಲವಿಲ್ಲ.

• ನೋಟಿಸು ಇಮೇಲ್‌ನಲ್ಲಿ ಸಾಕು ಎಂಬ ಮಾತು. ವಿದ್ಯಾರ್ಥಿಗಳ ವಿಳಾಸ ವರ್ಷಕ್ಕೆರಡು ಸಲ ಬದಲಾಗುತ್ತದೆ, ಅಂಚೆ ತಲುಪುವುದಿಲ್ಲ.

ಬೈಲಾ ತಿದ್ದಲು ಮತ್ತೆ ಸಭೆ, ಮತ್ತೆ ನೋಟಾರ್. ಹಾಗಾಗಿ ವಂತಿಗೆಯ ಮೊತ್ತದಂಥ ಬದಲಾಗುವ ಸಂಗತಿಗಳನ್ನು ಅದರೊಳಗೆ ಬರೆಯಬೇಡಿ. "ಸರ್ವ ಸದಸ್ಯರ ಸಭೆ ನಿರ್ಧರಿಸುತ್ತದೆ" ಎಂದು ಬಿಡಿ.

ನೋಂದಣಿಯ ಹೆಜ್ಜೆಗಳು

ಎ.ಫೌ. ನೋಂದಣಿಗೆ ಕನಿಷ್ಠ ಏಳು ಸದಸ್ಯರು ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲೂ ಏಳೇ ಇರುವುದರಿಂದ ನಮ್ಮವರಿಗೆ ಈ ಲೆಕ್ಕ ಹೊಸದಲ್ಲ. ನೋಂದಣಿಯಾದ ಮೇಲೆ ಸದಸ್ಯರ ಸಂಖ್ಯೆ ಮೂರಕ್ಕಿಂತ ಕೆಳಗಿಳಿದರೆ ಕಾನೂನಿನ ಮಾನ್ಯತೆ ಹೋಗುತ್ತದೆ.

1. ಕರಡು ಬೈಲಾ ಸಿದ್ಧಮಾಡಿ. ತೆರಿಗೆ ವಿನಾಯಿತಿ ಬೇಕಿದ್ದರೆ ಸಭೆಗೂ ಮೊದಲೇ ಅದನ್ನು ಸ್ಥಳೀಯ ತೆರಿಗೆ ಕಚೇರಿಗೆ, ಅಂದರೆ ಫಿನಾನ್ಸ್‌ಆಮ್ಟ್‌ಗೆ ಕಳಿಸಿ ಅಭಿಪ್ರಾಯ ಕೇಳಿ. ಅವರು ಹೇಳಿದ ತಿದ್ದುಪಡಿ ಈಗ ಮಾಡಿದರೆ ಖರ್ಚಿಲ್ಲ.

2. ಸ್ಥಾಪನಾ ಸಭೆ ಕರೆಯಿರಿ. ಬೈಲಾ ಓದಿ ಒಪ್ಪಿಗೆ ಪಡೆಯಿರಿ, ಮಂಡಳಿಯನ್ನು ಆರಿಸಿ. ದಿನ, ಸ್ಥಳ, ಹಾಜರಿದ್ದವರು, ಪರ-ವಿರೋಧ ಮತಗಳ ಸಂಖ್ಯೆ, ಆಯ್ಕೆಯಾದವರ ಒಪ್ಪಿಗೆ ಎಲ್ಲವೂ ನಡಾವಳಿಯಲ್ಲಿ ಬರಲಿ.

3. ಬೈಲಾಕ್ಕೆ ಏಳು ಜನ ಸಹಿ ಮಾಡಿ ತಾರೀಖು ಹಾಕಿ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಎಲ್ಲ ಕಾಗದಗಳಲ್ಲೂ ಬರೆಯಿರಿ. ಇನಿಷಿಯಲ್ ಒಂದೆಡೆ ಮುಂದೆ, ಇನ್ನೊಂದೆಡೆ ತಂದೆಯ ಪೂರ್ತಿ ಹೆಸರು ಅಂತಾದರೆ ಕಡತ ವಾಪಸ್ ಬರಬಹುದು.

4. ಪದಾಧಿಕಾರಿಗಳು ನೋಟಾರ್ ಬಳಿ ಹೋಗಿ ಅರ್ಜಿಯ ಮೇಲಿನ ಸಹಿಯನ್ನು ದೃಢೀಕರಿಸಿಕೊಳ್ಳಬೇಕು. ಇಲ್ಲಿನ ನೋಟಾರ್ ಕೋರ್ಟ್ ಆವರಣದಲ್ಲಿ ಮೇಜು ಹಾಕಿ ಕೂತವರಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಂಡು ಪಾಸ್‌ಪೋರ್ಟ್ ಸಮೇತ ಹೋಗಿ.

5. ಅರ್ಜಿ, ಬೈಲಾ, ನಡಾವಳಿಯ ಪ್ರತಿ ಆಮ್ಟ್ಸ್‌ಗೆರಿಷ್ಟ್ ಎಂಬ ಸ್ಥಳೀಯ ನ್ಯಾಯಾಲಯದ ಸಂಘ ನೋಂದಣಿ ವಿಭಾಗಕ್ಕೆ ಹೋಗುತ್ತವೆ. ಒಪ್ಪಿಗೆಯಾದರೆ ಹೆಸರಿನ ಕೊನೆಗೆ ಎ.ಫೌ. ಸೇರುತ್ತದೆ.

6. ನೋಂದಣಿ ಪ್ರತಿ ಕೈಗೆ ಬಂದ ಮೇಲೆ ಬ್ಯಾಂಕ್ ಖಾತೆ ತೆರೆಯಿರಿ.

ನೋಂದಣಿ ಸಾರ್ವಜನಿಕ ದಾಖಲೆ. ಅದರಲ್ಲಿನ ವಿಳಾಸ ನೋಡಿ ಸರ್ಕಾರಿ ಕಚೇರಿಯ ಪತ್ರದಂತೆಯೇ ಕಾಣುವ ನಕಲಿ ಬಿಲ್ಲುಗಳು ಹೊಸ ಸಂಘಗಳಿಗೆ ಬರುವುದುಂಟು. ನ್ಯಾಯಾಲಯದ ಪತ್ರದ ಜೊತೆ ಹೋಲಿಸಿ ನೋಡದೆ ದುಡ್ಡು ಕಟ್ಟಬೇಡಿ.

ವಿದೇಶಿಯರೆಂಬ ಕಾರಣಕ್ಕೆ ಇರುವ ನಿಯಮಗಳು

ಸದಸ್ಯರು ಅಥವಾ ನಡೆಸುವವರು ಎಲ್ಲರೂ ಅಥವಾ ಬಹುಪಾಲು ಐರೋಪ್ಯ ಒಕ್ಕೂಟದ ಹೊರಗಿನವರಾಗಿದ್ದರೆ ಜರ್ಮನ್ ಕಾನೂನು ಆ ಸಂಘವನ್ನು ಔಸ್‌ಲೆಂಡರ್‌ಫೆರೈನ್, ಅಂದರೆ ವಿದೇಶಿಯರ ಸಂಘ ಎಂದು ಪರಿಗಣಿಸುತ್ತದೆ. ಸಂಘ ಕಾಯ್ದೆಯ ಅನುಷ್ಠಾನ ನಿಯಮಗಳ 19ನೇ ಕಲಮಿನಂತೆ ಇಂಥ ಸಂಘ ಹುಟ್ಟಿದ ಎರಡು ವಾರದೊಳಗೆ ತನ್ನ ಊರಿನ ಸಂಬಂಧಪಟ್ಟ ಕಚೇರಿಗೆ ತಿಳಿಸಬೇಕು. ಇದು ನ್ಯಾಯಾಲಯದ ನೋಂದಣಿಗಿಂತ ಬೇರೆಯದು. ನ್ಯಾಯಾಲಯದ ಕೆಲಸ ಮುಗಿದ ಖುಷಿಯಲ್ಲಿ ಬಹಳ ಸುಲಭವಾಗಿ ಮರೆತುಹೋಗುವ ನಿಯಮವಿದು. ಓರ್ಡ್‌ನುಂಗ್ಸ್‌ಆಮ್ಟ್ ಎಂಬ ನಗರಾಡಳಿತದ ಕಚೇರಿಯಲ್ಲಿ ವಿಚಾರಿಸಿದರೆ ಯಾರಿಗೆ ಅರ್ಜಿ ಕೊಡಬೇಕೆಂದು ಹೇಳುತ್ತಾರೆ.

ವಿದ್ಯಾರ್ಥಿ ವೀಸಾದಲ್ಲಿದ್ದವರು ಸಂಬಳವಿಲ್ಲದೆ ಸಂಘದ ಪದಾಧಿಕಾರಿಗಳಾಗುವುದಕ್ಕೆ ಅಡ್ಡಿಯಿಲ್ಲ. ಆದರೆ ದುಡ್ಡು ಪಡೆದು ಮಾಡುವ ಕೆಲಸ 2024ರ ಮಾರ್ಚ್‌ನಿಂದ ಜಾರಿಯಲ್ಲಿರುವ ವರ್ಷಕ್ಕೆ 140 ಪೂರ್ಣ ದಿನಗಳ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ವ್ಯವಹಾರಕ್ಕಂತೂ ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಸಂಘದ ಕಾರ್ಯಕ್ರಮದಲ್ಲಿ ಫೋಟೋ ತೆಗೆದವರಿಗೆ, ಡೋಲು ಬಾರಿಸಿದವರಿಗೆ, ಅಡುಗೆ ಮಾಡಿದವರಿಗೆ ಕೈಗೊಂದಿಷ್ಟು ಕೊಡುವ ನಮ್ಮ ರೂಢಿಯನ್ನು ಇಲ್ಲಿ ಬಿಡಬೇಕು. ಖರ್ಚಾದ ದುಡ್ಡನ್ನು ರಸೀದಿ ಇಟ್ಟುಕೊಂಡು ವಾಪಸ್ ಕೊಡಿ, ಅಷ್ಟೇ.

ದುಡ್ಡು

ಸಂಘಗಳು ಒಡೆಯುವುದು ದುಡ್ಡು ಕದ್ದದ್ದರಿಂದಲ್ಲ, ಹೆಚ್ಚಾಗಿ ಲೆಕ್ಕ ತೋರಿಸದೇ ಇದ್ದದ್ದರಿಂದ. ಖಜಾಂಚಿಯ ಸ್ವಂತ ಪೇಪಾಲ್ ಖಾತೆಗೆ ಎಲ್ಲರೂ ಹತ್ತು ಯೂರೋ ಹಾಕುವುದು ಮೊದಲ ಕಾರ್ಯಕ್ರಮಕ್ಕೆ ನಡೆದೀತು, ಎರಡನೆಯದಕ್ಕೆ ಬೇಡ. ಬಂದದ್ದು, ಹೋದದ್ದು ಎರಡೂ ಎಲ್ಲ ಸದಸ್ಯರಿಗೆ ಕಾಣುವ ಒಂದು ಶೀಟ್‌ನಲ್ಲಿರಲಿ. ಕಾರ್ಯಕ್ರಮ ಮುಗಿದ ಎರಡು ವಾರದೊಳಗೆ ಜಮಾ-ಖರ್ಚು ಹೊರಬರಲಿ. ಮಂಡಳಿಯಲ್ಲಿಲ್ಲದ ಇಬ್ಬರು ಸದಸ್ಯರು ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡಿ ಸಭೆಗೆ ವರದಿ ಕೊಡುವುದು ಜರ್ಮನ್ ಸಂಘಗಳಲ್ಲಿ ಬೇರೂರಿದ ಪದ್ಧತಿ. ನೀವೂ ಅದನ್ನು ಬೈಲಾದಲ್ಲಿ ಸೇರಿಸಿ.

ಸಾರ್ವಜನಿಕ ಹಿತದ ಸಂಘ, ಅಂದರೆ ಗೆಮೈನ್‌ನ್ಯುಟ್ಸಿಗ್ ಎಂಬ ಮಾನ್ಯತೆಯನ್ನು ಫಿನಾನ್ಸ್‌ಆಮ್ಟ್ ಕೊಟ್ಟರೆ ತೆರಿಗೆಯಲ್ಲಿ ರಿಯಾಯಿತಿಯಿದೆ, ದಾನಿಗಳಿಗೆ ದೇಣಿಗೆ ರಸೀದಿ ಕೊಡಬಹುದು. 300 ಯೂರೋವರೆಗಿನ ದೇಣಿಗೆಗೆ ಬ್ಯಾಂಕಿನ ದಾಖಲೆಯೇ ಬಹುಮಟ್ಟಿಗೆ ಸಾಕಾಗುತ್ತದೆ. ಈ ಮಾನ್ಯತೆಗೆ ಉದ್ದೇಶಗಳ ಪಟ್ಟಿ ಕಾನೂನಿನಲ್ಲೇ ಇದೆ. ಕಲೆ ಮತ್ತು ಸಂಸ್ಕೃತಿ, ವಿದ್ಯಾರ್ಥಿಗಳ ನೆರವು, ಜನಾಂಗಗಳ ನಡುವಿನ ತಿಳುವಳಿಕೆ ಈ ಮೂರೂ ಪಟ್ಟಿಯಲ್ಲಿವೆ. ಬರೀ ಸೇರಿ ಉಂಡು ಹರಟುವುದು ಇಲ್ಲ. ಕೆಲಸದಿಂದ ಸಮಾಜಕ್ಕೆ ಪ್ರಯೋಜನವಾಗಬೇಕು, ಮುಚ್ಚಿದ ಗುಂಪಿಗಲ್ಲ ಎಂಬುದು ಮೂಲ ನಿಯಮ. "ಕರ್ನಾಟಕದಲ್ಲಿ ಹುಟ್ಟಿದವರಿಗೆ ಮಾತ್ರ ಸದಸ್ಯತ್ವ" ಎಂದು ಬರೆದರೆ ಮಾನ್ಯತೆ ಸಿಗುವುದು ಕಷ್ಟ. ಸಂಘ ಮುಚ್ಚಿದಾಗ ಉಳಿದ ದುಡ್ಡು ಸದಸ್ಯರಿಗೆ ಹಂಚಿಕೆಯಾಗದೆ ಇಂಥದೇ ಇನ್ನೊಂದು ಸಂಸ್ಥೆಗೆ ಹೋಗಬೇಕೆಂಬ ಕಲಮೂ ಬೇಕು.

ಮಾನ್ಯತೆ ಸಿಕ್ಕ ಮೇಲೆ ತೆರಿಗೆ ಕಚೇರಿ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತದೆ. ಆ ಹೊತ್ತಿಗೆ ಮೊದಲ ಖಜಾಂಚಿ ಅಲ್ಲಿರುವುದಿಲ್ಲ. ಮೂರು ವರ್ಷದ ರಸೀದಿಗಳು ಅವರ ಲ್ಯಾಪ್‌ಟಾಪ್‌ನಲ್ಲೇ ಉಳಿದಿದ್ದರೆ ಹೊಸಬರು ಏನು ಮಾಡಬೇಕು? ಮೊದಲ ದಿನದಿಂದಲೇ ಎಲ್ಲ ಕಾಗದವೂ ಸಂಘದ ಇಮೇಲ್ ಖಾತೆಯ ಡ್ರೈವ್‌ಗೆ ಹೋಗಲಿ.

ಅನುದಾನಕ್ಕೆ ಆಸ್ಟಾ, ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸ್ ಮತ್ತು ಹಾಸ್ಟೆಲು, ಮೆಸ್ಸು ನಡೆಸುವ ಸ್ಟುಡೀರೆಂಡೆನ್‌ವೆರ್ಕ್ — ಈ ಮೂರು ಕಡೆ ಕೇಳಿ. ಬವೇರಿಯಾದಲ್ಲಿದ್ದರೆ ಇನ್ನೊಂದು ಬಾಗಿಲು ತಟ್ಟಬಹುದು: ಆ ರಾಜ್ಯಕ್ಕೂ ಕರ್ನಾಟಕಕ್ಕೂ 2007ರಿಂದ ಸಹಭಾಗಿತ್ವದ ಒಪ್ಪಂದವಿದೆ, ಹೋಫ್ ಊರಿನ ಹೋಖ್‌ಶೂಲೆ ಎಂಬ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಬವೇರಿಯಾ-ಭಾರತ ಕೇಂದ್ರವೂ ಇದೆ. ಅನುದಾನ ಕೊಡುವವರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ನಿಮ್ಮವರಲ್ಲದವರಿಗೆ ಏನು ಸಿಗುತ್ತದೆ? ಉತ್ತರ ಸಿದ್ಧವಿಟ್ಟುಕೊಂಡು ಹೋಗಿ.

ರಾಜ್ಯೋತ್ಸವಕ್ಕೆ ಹಾಲ್ ಹಿಡಿಯುವ ಮೊದಲು

ನವೆಂಬರ್ 1 ಬವೇರಿಯಾ, ಬಾಡೆನ್-ವ್ಯುರ್ಟೆಂಬೆರ್ಗ್, ನಾರ್ತ್ ರೈನ್-ವೆಸ್ಟ್‌ಫಾಲಿಯಾ, ರೈನ್‌ಲ್ಯಾಂಡ್-ಫಾಲ್ಟ್ಸ್ ಮತ್ತು ಜಾರ್‌ಲ್ಯಾಂಡ್ ರಾಜ್ಯಗಳಲ್ಲಿ ರಜಾದಿನ. ರಜೆಯೆಂದು ಖುಷಿಪಟ್ಟು ಅದೇ ದಿನ ಕುಣಿತದ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಅದು ಎಲ್ಲ ಸಂತರ ದಿನ, ಕ್ರೈಸ್ತರು ಸಮಾಧಿಗಳಿಗೆ ಹೋಗಿ ದೀಪ ಹಚ್ಚುವ ದಿನ. ಬವೇರಿಯಾದ ಕಾನೂನಿನಲ್ಲಿ ಅದು "ಮೌನದ ದಿನ"ಗಳಲ್ಲೊಂದು. ಗಂಭೀರ ಸ್ವರೂಪದ್ದಲ್ಲದ ಸಾರ್ವಜನಿಕ ಮನರಂಜನೆಗೆ ಅಂದು ಅವಕಾಶವಿಲ್ಲ. ಬೇರೆ ರಾಜ್ಯಗಳಲ್ಲೂ ಬೇರೆ ಬೇರೆ ಮಟ್ಟದ ನಿರ್ಬಂಧಗಳಿವೆ. ಹತ್ತಿರದ ಶನಿವಾರ ಆರಿಸಿಕೊಳ್ಳಿ. ಯುಗಾದಿ ಆಸುಪಾಸಿನಲ್ಲಿ ಗುಡ್ ಫ್ರೈಡೇ ಬಂದರೂ ಇದೇ ಎಚ್ಚರಿಕೆ.

ಸಾರ್ವಜನಿಕವಾಗಿ ಹಾಡು ನುಡಿಸಿದರೆ, ಅದು ಧ್ವನಿಮುದ್ರಿತ ಸಿನಿಮಾ ಹಾಡಾದರೂ, ಗೆಮಾ ಎಂಬ ಸಂಗೀತ ಹಕ್ಕುಗಳ ಸಂಸ್ಥೆಗೆ ಮೊದಲೇ ತಿಳಿಸಿ ಶುಲ್ಕ ಕಟ್ಟಬೇಕಾಗುತ್ತದೆ. ಕನ್ನಡ ಹಾಡಿನ ಲೆಕ್ಕ ಜರ್ಮನಿಯಲ್ಲಿ ಯಾರಿಡುತ್ತಾರೆ ಎಂದು ಉಪೇಕ್ಷೆ ಮಾಡಬೇಡಿ. ಸಾರ್ವಜನಿಕ ಹಿತದ ಸಂಘಗಳ ಉಚಿತ ಕಾರ್ಯಕ್ರಮಗಳ ಶುಲ್ಕವನ್ನು ಬವೇರಿಯಾದಂಥ ಕೆಲವು ರಾಜ್ಯಗಳು ಷರತ್ತುಗಳೊಂದಿಗೆ ತಾವೇ ಭರಿಸುತ್ತವೆ, ವಿಚಾರಿಸಿ. ಕನ್ನಡ ಸಿನಿಮಾ ತೋರಿಸುವುದಾದರೆ ಹಕ್ಕುದಾರರ ಲಿಖಿತ ಅನುಮತಿ ಬೇಕು.

ಊಟದ ವಿಷಯ. ಎಳ್ಳು, ಸಾಸಿವೆ, ಶೇಂಗಾ, ಗೋಧಿ, ಹಾಲು — ಐದೂ ಐರೋಪ್ಯ ಒಕ್ಕೂಟದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಅಂದರೆ ನಮ್ಮ ಪುಳಿಯೋಗರೆಯ ಒಂದು ತುತ್ತಿನಲ್ಲೇ ಮೂರು ಇರುತ್ತವೆ. ಪ್ರತಿ ಪಾತ್ರೆಯ ಮುಂದೆ ಏನೇನಿದೆ ಎಂದು ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಚೀಟಿ ಇಡಿ. ಹೊರಗಿನವರಿಗೆ ಊಟ ಮಾರುವುದಿದ್ದರೆ ಓರ್ಡ್‌ನುಂಗ್ಸ್‌ಆಮ್ಟ್‌ನಲ್ಲಿ ಕೇಳಿಯೇ ಮುಂದುವರಿಯಿರಿ.

ದೀಪ ಹಚ್ಚುವ ಮೊದಲು ಹಾಲ್‌ನವರನ್ನು ಕೇಳಿ. ಕೊಠಡಿಗಳಲ್ಲಿ ಹೊಗೆ ಪತ್ತೆಯ ಯಂತ್ರಗಳಿರುತ್ತವೆ. ಆರತಿ, ಊದುಬತ್ತಿಯ ಹೊಗೆಗೆ ಅಲಾರ್ಮ್ ಬಡಿದು ಅಗ್ನಿಶಾಮಕ ದಳ ಬಂದರೆ ಬಿಲ್ಲು ಸಂಘದ ತಲೆಗೆ ಬರಬಹುದು. ಬ್ಯಾಟರಿ ದೀಪ ಇಟ್ಟುಕೊಳ್ಳಿ. ಗಣೇಶನನ್ನು ಊರ ಕೆರೆಯಲ್ಲೋ ನದಿಯಲ್ಲೋ ಬಿಡುವ ಯೋಚನೆ ಬೇಡ. ಮಣ್ಣಿನ ಮೂರ್ತಿಯನ್ನು ಬಕೆಟ್‌ನಲ್ಲಿ ಕರಗಿಸಿ. ರಾತ್ರಿ 10ರ ನಂತರ ಗದ್ದಲ ನಿಲ್ಲಲೇಬೇಕು. ಸ್ಪೀಕರನ್ನು ಒಂಬತ್ತೂವರೆಗೆ ಆರಿಸಿದರೆ ಕುರ್ಚಿ ಜೋಡಿಸಲು, ಕಸ ಬೇರ್ಪಡಿಸಲು ಸಮಯ ಸಿಗುತ್ತದೆ. ಮುಂದಿನ ವರ್ಷದವರಿಗೂ ಆ ಹಾಲ್ ಬೇಕು.

ಹೊಸಬರ ನೆರವು: ಎಲ್ಲಿಯವರೆಗೆ?

ವರ್ಷದಲ್ಲಿ ಸಂಘ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸೆಪ್ಟೆಂಬರ್ ಮತ್ತು ಮಾರ್ಚ್‌ನಲ್ಲಿ, ಸೆಮಿಸ್ಟರ್ ಶುರುವಾಗುವ ಮುಂಚಿನ ವಾರಗಳಲ್ಲಿ. ಹೊಸ ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು, ಬ್ಲಾಕ್ಡ್ ಖಾತೆಯ ದುಡ್ಡು ತಿಂಗಳಿಗಿಷ್ಟೆಂದು ಕೈಗೆ ಬರಲು ಸ್ಥಳೀಯ ಖಾತೆ ಬೇಕು. ಒಂದಕ್ಕೊಂದು ಕೊಂಡಿಯಂತಿರುವ ಈ ಕೆಲಸಗಳ ಸರದಿಯನ್ನು ನಿಮ್ಮ ಊರಿನ ಕಚೇರಿಗಳ ವಿವರದೊಂದಿಗೆ ನಾಲ್ಕು ಪುಟದ ಕನ್ನಡ ಕೈಪಿಡಿ ಮಾಡಿ. ಮನೆ ನೋಡದೆ, ಕೀಲಿ ಸಿಗದೆ ಮುಂಗಡ ಕಳಿಸಬೇಡಿ ಎಂಬ ಸಾಲು ಅದರಲ್ಲಿ ದಪ್ಪಕ್ಷರದಲ್ಲಿರಲಿ. ಬಾಡಿಗೆ ವಂಚನೆಗೆ ಬೀಳುವವರು ಹೆಚ್ಚಾಗಿ ಇನ್ನೂ ಊರಿನಲ್ಲೇ ಕೂತು ಮನೆ ಹುಡುಕುವವರು.

ನೆರವಿಗೂ ಒಂದು ಗೆರೆ ಬೇಕು. ವೀಸಾ ತಿರಸ್ಕಾರ, ಬಾಡಿಗೆ ವ್ಯಾಜ್ಯದಂಥ ಪ್ರಕರಣಗಳಲ್ಲಿ ಸಂಘದ ಹೆಸರಿನಲ್ಲಿ ಕಾನೂನು ಸಲಹೆ ಕೊಡಬೇಡಿ. ಉಚಿತ ಸಲಹೆಗೂ ಜರ್ಮನಿಯಲ್ಲಿ ಷರತ್ತುಗಳಿವೆ. ಇಂಟರ್‌ನ್ಯಾಷನಲ್ ಆಫೀಸ್, ಆಸ್ಟಾದ ಕಾನೂನು ಸಲಹಾ ಸಮಯ, ಸ್ಟುಡೀರೆಂಡೆನ್‌ವೆರ್ಕ್‌ನ ಸಾಮಾಜಿಕ ಸಲಹೆಗಾರರ ಬಳಿ ಕರೆದುಕೊಂಡು ಹೋಗಿ, ಭಾಷೆಗೆ ನೆರವಾಗಿ. ಮನಸ್ಸು ಕುಗ್ಗಿದವರನ್ನು ವಿಶ್ವವಿದ್ಯಾಲಯದ ಆಪ್ತಸಮಾಲೋಚಕರ ಬಳಿಗೆ ತಲುಪಿಸಿ, ತುರ್ತಾದರೆ 112ಕ್ಕೆ ಕರೆ ಮಾಡಿ. ಅಪಘಾತ ಅಥವಾ ಸಾವು ಸಂಭವಿಸಿದರೆ ಬರ್ಲಿನ್‌ನ ರಾಯಭಾರ ಕಚೇರಿಗೆ ಅಥವಾ ಫ್ರಾಂಕ್‌ಫರ್ಟ್, ಹಾಂಬುರ್ಗ್, ಮ್ಯೂನಿಕ್ ಕಾನ್ಸುಲೇಟ್‌ಗೆ ಕೂಡಲೇ ತಿಳಿಸಿ. ಕಷ್ಟದಲ್ಲಿರುವ ಭಾರತೀಯರಿಗೆಂದು ಸಮುದಾಯ ಕ್ಷೇಮನಿಧಿ ಈ ಕಚೇರಿಗಳಲ್ಲಿದೆ. ಇಂಥ ಹೊತ್ತಿನಲ್ಲಿ ಮನೆಯವರ ಜೊತೆ ಮಾತಾಡಲು ಒಬ್ಬರೇ ಇರಲಿ. ಹತ್ತು ಜನ ಫೋನ್ ಮಾಡಿ ಹತ್ತು ಬಗೆ ಹೇಳಿದರೆ ಊರಲ್ಲಿರುವ ತಂದೆತಾಯಿಗೆ ದಿಕ್ಕು ತೋಚದು.

ಬಾಗಿಲು ಯಾರಿಗೆ ತೆರೆದಿದೆ?

ಕರ್ನಾಟಕದಿಂದ ಬಂದವರೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮಾತಾಡುವವರೂ ಬರುತ್ತಾರೆ. ಬೆಂಗಳೂರಲ್ಲಿ ಬೆಳೆದ ತೆಲುಗು, ತಮಿಳಿನವರೂ ಬರುತ್ತಾರೆ. ಕಲಬುರಗಿಯವರ ಮಾತಿಗೆ ಮೈಸೂರಿನವರು ನಕ್ಕರೆ ಅವರು ಮುಂದಿನ ಸಲ ಬರುವುದಿಲ್ಲ. ಜಾತಿ, ಧರ್ಮ, ಪಕ್ಷ ರಾಜಕೀಯದ ಸಂದೇಶಗಳು ಸಂಘದ ಗುಂಪಿನಲ್ಲಿ ಬೇಡವೆಂದು ಮೊದಲ ದಿನವೇ ಬರೆದಿಡಿ, ಅಧ್ಯಕ್ಷರಿಗೂ ಅದೇ ನಿಯಮ. ಕಾರ್ಯಕ್ರಮದಲ್ಲಿ ಸಸ್ಯಾಹಾರ, ಮಾಂಸಾಹಾರ ಎರಡಕ್ಕೂ ಜಾಗವಿರಬೇಕೇ ಎಂಬುದನ್ನು ಮಂಡಳಿ ತೀರ್ಮಾನಿಸದೆ ಸದಸ್ಯರ ಸಭೆಯೇ ತೀರ್ಮಾನಿಸಲಿ. ಫೋಟೋ ಹಾಕುವ ಮೊದಲು ಅದರಲ್ಲಿರುವವರ ಒಪ್ಪಿಗೆ ಪಡೆಯಿರಿ. ಸದಸ್ಯರ ಫೋನ್ ನಂಬರ್ ಪಟ್ಟಿಯನ್ನು ಯಾವ ವ್ಯಾಪಾರಿಗೂ ಕೊಡಬೇಡಿ. ಎರಡೂ ಕಾನೂನಿನ ಪ್ರಶ್ನೆಗಳೇ.

ಜರ್ಮನ್ ಸಹಪಾಠಿಗಳಿಗೂ ಬಾಗಿಲು ತೆರೆಯಿರಿ. ಇದಕ್ಕೆ ಒಳ್ಳೆಯ ನೆಪಗಳಿವೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ. 1843ರಲ್ಲಿ "ಮಂಗಳೂರ ಸಮಾಚಾರ" ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅದೇ ಊರಿನಲ್ಲಿ. ಸ್ಟುಟ್‌ಗಾರ್ಟ್ ಕಡೆಯ ವಿದ್ಯಾರ್ಥಿಗಳು ಒಂದು ಭಾನುವಾರ ಟ್ಯೂಬಿಂಗೆನ್‌ಗೆ ಹೋಗಿಬರುವ ನಡಿಗೆಯನ್ನೇ ಮೊದಲ ಕಾರ್ಯಕ್ರಮ ಮಾಡಬಹುದು. ಹಾಲ್ ಬೇಡ, ಗೆಮಾ ಬೇಡ, ಖರ್ಚು ರೈಲು ಟಿಕೆಟ್ಟಿನದಷ್ಟೇ. ಅನುದಾನದವರು ಕೇಳುವ ಪ್ರಶ್ನೆಗೂ ಅದು ಉತ್ತರ.

ಕೈಬದಲು

ಚುನಾವಣೆಯನ್ನು ಮೇ ಅಥವಾ ಜೂನ್‌ನಲ್ಲಿ ಇಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಸೇರಿದವರಿಗೆ ಆಗ ಒಂದು ರಾಜ್ಯೋತ್ಸವ, ಒಂದು ಯುಗಾದಿಯ ಅನುಭವವಾಗಿರುತ್ತದೆ, ಹಳಬರು ಇನ್ನೂ ಊರಲ್ಲಿರುತ್ತಾರೆ. ಆಯ್ಕೆಯಾದ ಕೂಡಲೇ ಹಳೆಯ ಮತ್ತು ಹೊಸ ಮಂಡಳಿ ಒಟ್ಟಿಗೆ ನೋಟಾರ್ ಬಳಿಗೆ ಹೋಗುವ ದಿನ, ಬ್ಯಾಂಕಿಗೆ ಹೋಗುವ ದಿನ ಎರಡನ್ನೂ ಗೊತ್ತುಮಾಡಿ. ಜರ್ಮನಿ ಬಿಟ್ಟ ಮೇಲೆ ಹಳೆಯ ಸಹಿದಾರರನ್ನು ಹಿಡಿಯುವುದು ಕಷ್ಟ.

ಹಸ್ತಾಂತರದ ಕಡತದಲ್ಲಿ ಇವಿರಲಿ: ಬೈಲಾ ಮತ್ತು ಎಲ್ಲ ನಡಾವಳಿಗಳು, ನೋಂದಣಿ ಪ್ರತಿ, ತೆರಿಗೆ ಕಚೇರಿಯ ಪತ್ರಗಳು, ಮುಂದಿನ ಗಡುವು, ವಿಶ್ವವಿದ್ಯಾಲಯದ ಮಾನ್ಯತೆ ನವೀಕರಿಸುವ ದಿನಾಂಕ, ವರ್ಷವಾರು ಲೆಕ್ಕ, ಇಮೇಲ್, ಡ್ರೈವ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್, ಹಾಲ್, ಅಡುಗೆಯವರು, ಮುದ್ರಕರ ವಿವರ, ಯಾರಿಗೆಷ್ಟು ಕೊಟ್ಟೆವು ಎಂಬ ಟಿಪ್ಪಣಿ, ಬಾವುಟ, ಬ್ಯಾನರ್, ದೊಡ್ಡ ಪಾತ್ರೆಗಳು ಯಾರ ಮನೆಯಲ್ಲಿವೆ ಎಂಬ ಪಟ್ಟಿ. ಕೊನೆಯದನ್ನು ಹಗುರವಾಗಿ ಕಾಣಬೇಡಿ, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮೊದಲು ಕಸಕ್ಕೆ ಹೋಗುವುದು ಬ್ಯಾನರೇ.

ಕಟ್ಟಿದವರಿಗೆ ಒಂದು ಮಾತು. ಎರಡನೇ ವರ್ಷ ನೀವು ಇದ್ದರೂ ಮತ್ತೆ ಅಧ್ಯಕ್ಷರಾಗಬೇಡಿ. ಸಾಮಾನ್ಯ ಸದಸ್ಯರಾಗಿ ಸಭೆಗೆ ಬನ್ನಿ, ಕೇಳಿದರೆ ಹೇಳಿ, ಕೇಳದಿದ್ದರೆ ಪಾತ್ರೆ ತೊಳೆಯಲು ಕೈಜೋಡಿಸಿ. ಹೊಸಬರು ನಿಮಗಿಂತ ಬೇರೆ ರೀತಿಯಲ್ಲಿ ಮಾಡುತ್ತಾರೆ, ಕೆಲವನ್ನು ನಿಮಗಿಂತ ಕೆಟ್ಟದಾಗಿಯೂ ಮಾಡುತ್ತಾರೆ. ಮಾಡಲಿ. ನೀವು ಊರಲ್ಲಿರುವಾಗಲೇ ಅವರು ತಪ್ಪಿ ಕಲಿತರೆ, ನೀವು ಹೊರಟ ಮೇಲೆ ಅವರು ಇನ್ನೊಬ್ಬರಿಗೆ ಕಲಿಸಬಲ್ಲರು.